ಹೊಸ ನಾಲ್ಕು ಚಕ್ರ ಚಾಲನೆಯ ಕ್ಯಾಂಪರ್ ವ್ಯಾನಿಗೆ ದೊಡ್ಡ ಟೈರು: 265 ಸಾಕೇ, 285 ಬೇಕೇ?

ಹೊಸಗಾಲಿ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಹೊಸ ಕ್ಯಾಂಪರ್ ವ್ಯಾನೊಂದನ್ನು ತೆಗೆದುಕೊಂಡಿದ್ದೇನೆ. ಹಾಸಿಗೆ, ಅಡುಗೆ ಕಟ್ಟೆ, 100 ಲೀಟರಿನ ನೀರಿನ ಟ್ಯಾಂಕು, ಎರಡು ಬ್ಯಾಟರಿ ಎಲ್ಲವೂ ಕಾರ್ಖಾನೆಯಿಂದಲೇ ಅಳವಡಿಸಿ ಬಂದಿವೆ. ಅದರ ಜೊತೆಗೆ ಬಂದ ಟೈರುಗಳು 245/75 ಆರ್16 ಅಳತೆಯವು, ಲೋಡ್ ರೇಂಜ್ ಇ, ಅಂದರೆ ಹೆಚ್ಚು ಭಾರ ಹೊರುವ ವರ್ಗದವು. ರಿಮ್ಮುಗಳು ಆರೂವರೆ ಇಂಚು ಅಗಲದ ಉಕ್ಕಿನವು. ಚಾಲನೆಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವುದು ತನ್ನಷ್ಟಕ್ಕೆ ಕೆಲಸ ಮಾಡುವ ಕ್ಲಚ್ ಮಾದರಿಯ ಕಪ್ಲಿಂಗ್. ನಾನು ತಿರುಗಿಸಬೇಕಾದ ಗುಂಡಿಯೇನೂ ಇಲ್ಲ.

ಮೂರನೆಯ ಪ್ರಯಾಣದಲ್ಲೇ ಒಂದು ಕಲ್ಲುದಾರಿಯಲ್ಲಿ ವ್ಯಾನಿನ ಹೊಟ್ಟೆ ತಗುಲಿತು. ಇಳಿದು ಬಗ್ಗಿ ನೋಡಿದಾಗ ಬಚ್ಚಲು ನೀರಿನ ಟ್ಯಾಂಕಿನ ನಲ್ಲಿ ಹಿಂದಕ್ಕೆ ಬಾಗಿಕೊಂಡು, ಪಾತ್ರೆ ತೊಳೆದ ನೀರು ತೊಟ್ಟಿಕ್ಕುತ್ತಿತ್ತು. ಅಂದಿನಿಂದ ದೊಡ್ಡ ಟೈರು ಹಾಕಿಸಬೇಕೆಂಬ ಯೋಚನೆ ತಲೆಗೆ ಹೊಕ್ಕಿದೆ. ನೋಡಲು ವ್ಯಾನು ಗಟ್ಟಿಮುಟ್ಟಾಗಿ ಕಾಣುತ್ತದೆ ಎಂಬ ಆಸೆಯೂ ಅದರಲ್ಲಿ ಸೇರಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

265/75 ಆರ್16 ಹಾಕಿಸಿದರೆ ಸಾಕೇ, ಅಥವಾ ಒಮ್ಮೆಗೇ 285/75ಕ್ಕೆ ಹೋಗುವುದು ಒಳ್ಳೆಯದೇ? ವ್ಯಾನನ್ನು ಎತ್ತರಿಸುವ ಕಿಟ್ ಇಲ್ಲದೆ ಇವು ಕೂರುತ್ತವೆಯೇ? ವಾರಂಟಿ ಇನ್ನೂ ಉದ್ದಕ್ಕೆ ಉಳಿದಿರುವುದರಿಂದ ಕೈ ಸುಟ್ಟುಕೊಳ್ಳುವ ಮೊದಲು ಅನುಭವಿಗಳ ಮಾತು ಕೇಳಬೇಕೆನಿಸಿತು.

ದಾರಿಹೋಕ:

ನೀವು ಕೇಳಿದ ಮೊದಲನೆಯ ಅಳತೆಯನ್ನೇ ನಾನು ಹಾಕಿಸಿ ಒಂದೂವರೆ ವರ್ಷವಾಯಿತು. ಕೂರುತ್ತದೆ. ಆದರೆ ಅಂಗಳದಲ್ಲಿ ನಿಂತ ವ್ಯಾನಿಗೆ ಟೈರು ಕೂರುವುದಕ್ಕೂ, ಸಾಮಾನು ತುಂಬಿದ ವ್ಯಾನು ಗುಂಡಿಗೆ ಇಳಿದು ಸ್ಟೇರಿಂಗ್ ಪೂರ್ತಿ ತಿರುಗಿದಾಗ ಅದೇ ಟೈರು ಕೂರುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಟೈರು ಬದಲಿಸಿದವನು ವ್ಯಾನನ್ನು ಸಮತಟ್ಟಾದ ನೆಲದಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿ, ಎಲ್ಲೂ ತಾಗುವುದಿಲ್ಲವೆಂದು ಕೈತೊಳೆದುಕೊಂಡಿದ್ದ. ಒಂದು ವಾರದ ನಂತರ ಮುಂದಿನ ಎಡ ಚಕ್ರದ ಹಿಂಬದಿಯಲ್ಲಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ, ಅಂಗೈಯಷ್ಟು ಅಗಲದ ಒಂದು ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಟೈರು ಉಜ್ಜಿ ಉಜ್ಜಿ ಪ್ಲಾಸ್ಟಿಕ್ಕಿನ ತರಿಯೇ ಮಾಯವಾಗಿತ್ತು. ಹೊದಿಕೆಯನ್ನು ಬಿಸಿ ಗಾಳಿಯಿಂದ ಮೆತ್ತಗೆ ಮಾಡಿ ಒಳಕ್ಕೆ ಒತ್ತಿ, ಮಡ್‌ಫ್ಲ್ಯಾಪನ್ನು ಅರ್ಧ ಬೊಟ್ಟಿನಷ್ಟು ಹಿಂದಕ್ಕೆ ಸರಿಸಿದ ಮೇಲೆ ಅದು ನಿಂತಿತು.

ಆದ್ದರಿಂದ ಹಾಕಿಸುವ ಮೊದಲೇ, ಈಗಿರುವ ಟೈರುಗಳಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ನೀರಿನ ಟ್ಯಾಂಕನ್ನು ತುಂಬಿಸಿ, ಪ್ರಯಾಣದ ಸಾಮಾನನ್ನೆಲ್ಲ ಹೇರಿ, ಮುಂದಿನ ಒಂದು ಚಕ್ರವನ್ನೂ ಅದರ ಕರ್ಣದ ಎದುರಿನ ಹಿಂದಿನ ಚಕ್ರವನ್ನೂ ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ, ಟೈರಿಗೂ ಹೊದಿಕೆಗೂ ನಡುವೆ ಅತ್ಯಂತ ಕಿರಿದಾದ ಜಾಗ ಎಲ್ಲಿದೆ ಎಂದು ಅಳೆಯಿರಿ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರುತ್ತದೆಂದು ನಂಬಬೇಡಿ.

ಇದಕ್ಕಿಂತ ದೊಡ್ಡ ಪಾಠ ಸ್ಟೆಪ್ನಿಯದು. ಹೊಸ ಟೈರು ವ್ಯಾನಿನ ಅಡಿಯ ಸ್ಟೆಪ್ನಿ ತೊಟ್ಟಿಲಲ್ಲಿ ಹಿಡಿಸಲಿಲ್ಲವೆಂದು ಹಳೆಯ 245ನ್ನೇ ಅಲ್ಲಿ ಉಳಿಸಿಕೊಂಡಿದ್ದೆ. ಹಿಂದಿನ ಬಲ ಚಕ್ರ ಪಂಕ್ಚರಾದಾಗ ಅದನ್ನೇ ಹಾಕಿಕೊಂಡು ಹೊರಟೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚಾಲನಾ ವ್ಯವಸ್ಥೆಯ ಎಚ್ಚರಿಕೆ ದೀಪ ಹತ್ತಿತು, ಕಪ್ಲಿಂಗಿನ ಕಡೆಯಿಂದ ಸುಟ್ಟ ಎಣ್ಣೆಯ ವಾಸನೆ ಬಂತು. ಉಳಿದ ದಾರಿಯನ್ನು ಇನ್ನೊಂದು ಗಾಡಿಯ ಬೆನ್ನ ಮೇಲೆ ಸಾಗಿಸಬೇಕಾಯಿತು. ಟೈರು ಕೊಳ್ಳುವುದಾದರೆ ಐದು ಕೊಳ್ಳಿ, ನಾಲ್ಕಲ್ಲ.

ಇನ್ನೊಂದು ವಿಷಯ ನನಗೆ ಇಂದಿಗೂ ಅರ್ಥವಾಗಿಲ್ಲ. ಗಾಳಿಯನ್ನು ಸರಿಯಾಗಿಯೇ ಇಟ್ಟಿದ್ದರೂ ನನ್ನ ಟೈರುಗಳ ನಡುವಿನ ಪಟ್ಟಿ ಅಂಚುಗಳಿಗಿಂತ ಬೇಗ ಸವೆಯುತ್ತಿದೆ. ರಿಮ್ಮುಗಳು ಹಳೆಯವೇ, ಆರೂವರೆ ಇಂಚಿನವು.

ಕೀಲೆಣ್ಣೆ:

ದಾರಿಹೋಕರ ಕೊನೆಯ ಸಾಲಿನಲ್ಲೇ ಅವರ ಪ್ರಶ್ನೆಗೆ ಉತ್ತರವಿದೆ. ಪ್ರತಿಯೊಂದು ಟೈರಿಗೂ ಎಷ್ಟು ಅಗಲದ ರಿಮ್ಮು ಒಪ್ಪುತ್ತದೆ ಎಂಬುದನ್ನು ತಯಾರಕರು ತಮ್ಮ ಪಟ್ಟಿಯಲ್ಲಿ ಕೊಟ್ಟಿರುತ್ತಾರೆ. ಲೋಡ್ ರೇಂಜ್ ಇ ವರ್ಗದ 245/75 ಆರ್16ಕ್ಕೆ ಆರೂವರೆಯಿಂದ 8 ಇಂಚಿನವರೆಗೆ ನಡೆಯುತ್ತದೆ, 265/75ಕ್ಕೆ 7ರಿಂದ 8, 285/75ಕ್ಕೆ ಏಳೂವರೆಯಿಂದ 9. ಕಿರಿದಾದ ರಿಮ್ಮಿಗೆ ಅಗಲದ ಟೈರನ್ನು ತೊಡಿಸಿದರೆ ಅದರ ಎರಡು ಪಕ್ಕಗಳು ಒಳಕ್ಕೆ ಸೆಳೆದುಕೊಂಡು ನೆತ್ತಿ ಉಬ್ಬುತ್ತದೆ; ಉಬ್ಬಿದ ಭಾಗವೇ ನೆಲಕ್ಕೆ ಹೆಚ್ಚು ಒತ್ತಿ ಸವೆಯುತ್ತದೆ. ಹಾಗಾಗಿ ಪ್ರಶ್ನೆ ಕೇಳಿದವರು 265 ಅಥವಾ 285 ಆರಿಸಿದರೆ ಟೈರಿನ ಜೊತೆಗೆ ರಿಮ್ಮನ್ನೂ ಬದಲಿಸುವ ಲೆಕ್ಕ ಇಟ್ಟುಕೊಳ್ಳಬೇಕು. ರಿಮ್ಮು ಬದಲಾದರೆ ಬೋಲ್ಟಿನ ವೃತ್ತ, ನಡುವಿನ ರಂಧ್ರದ ಅಳತೆ, ಹೊರಬೇಕಾದ ತೂಕ, ತಡೆಯಬೇಕಾದ ಗಾಳಿಯ ಒತ್ತಡ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಆಫ್‌ಸೆಟ್ ಕಡಿಮೆಯಿರುವ ರಿಮ್ಮು ಚಕ್ರವನ್ನು ಹೊರಕ್ಕೆ ತಳ್ಳುತ್ತದೆ. ಚಂದ ಕಾಣುತ್ತದೆ, ಆದರೆ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಟೈರಿನ ಹೊರ ಅಂಚು ಇನ್ನಷ್ಟು ದೊಡ್ಡ ಕಮಾನಿನಲ್ಲಿ ಬೀಸಿ ಎಲ್ಲಿ ತಾಗಬಾರದೋ ಅಲ್ಲಿಗೇ ಬಂದು ತಾಗುತ್ತದೆ.

ಈಗ ಎತ್ತರದ ಲೆಕ್ಕ. 245 ಎಂಬುದು ಮಿಲಿಮೀಟರಿನಲ್ಲಿ ಅಗಲ. ಪಕ್ಕಗೋಡೆಯ ಎತ್ತರ ಆ ಅಗಲದ ಶೇಕಡಾ 75. ರಿಮ್ಮಿನ 16 ಇಂಚು ಎಂದರೆ 406.4 ಮಿ.ಮೀ. ಪಕ್ಕಗೋಡೆ ಮೇಲೊಂದು, ಕೆಳಗೊಂದು ಇರುವುದರಿಂದ ಎರಡನ್ನೂ ಕೂಡಿಸಿದರೆ ನಿಮ್ಮ ಈಗಿನ ಟೈರಿನ ವ್ಯಾಸ ಸುಮಾರು 774 ಮಿ.ಮೀ. 265/75ರದ್ದು 804, 285/75ರದ್ದು 834. ಇದರಲ್ಲಿ ಅರ್ಧ ಮಾತ್ರ ಆಕ್ಸಲಿನ ಕೆಳಗೆ ಸಿಗುತ್ತದೆ: ಮೊದಲನೆಯದಕ್ಕೆ 15 ಮಿ.ಮೀ., ಎರಡನೆಯದಕ್ಕೆ 30. ಇಷ್ಟು ಖರ್ಚು, ಇಷ್ಟು ಓಡಾಟ ಮಾಡಿ ಗಳಿಸುವುದು ಒಂದು ಕಿರುಬೆರಳಿನ ದಪ್ಪ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಸ್ಪೀಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ನೆಲವನ್ನು ಅಳೆಯುವುದಿಲ್ಲ. 265ರಲ್ಲಿ ಪ್ರತಿ ಸುತ್ತಿಗೆ ಶೇಕಡಾ 3.9ರಷ್ಟು, 285ರಲ್ಲಿ ಶೇಕಡಾ 7.8ರಷ್ಟು ಹೆಚ್ಚು ದೂರ ಸಾಗುತ್ತೀರಿ. ಮುಳ್ಳು ಮೊದಲು ಕರಾರುವಾಕ್ಕಾಗಿತ್ತು ಎಂದುಕೊಂಡರೆ, ಅದು 80 ತೋರಿಸುವಾಗ ನಿಜವಾದ ವೇಗ 83 ಅಥವಾ 86 ಆಗಿರುತ್ತದೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮವನ್ನು ಪಾಲಿಸುವ ದೇಶಗಳಲ್ಲಿ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಆದ್ದರಿಂದ ತಯಾರಕರು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುತ್ತಾರೆ. ಸಣ್ಣ ಬದಲಾವಣೆಯನ್ನು ಆ ಮೀಸಲು ನುಂಗಿಕೊಳ್ಳುತ್ತದೆ, ದೊಡ್ಡದನ್ನು ನುಂಗಲಾರದು. ಓಡೋಮೀಟರಿಗೂ ಇದೇ ಮಾತು ಅನ್ವಯಿಸುತ್ತದೆ: ಅದು 10,000 ಕಿ.ಮೀ. ತೋರಿಸುವಾಗ 265ರ ಮೇಲೆ ಸುಮಾರು 10,390 ಕಿ.ಮೀ. ಓಡಿರುತ್ತದೆ. ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎಂದು ಹೇಳುವವರಲ್ಲಿ ಅನೇಕರು ಈ ಲೆಕ್ಕವನ್ನು ಸೇರಿಸಿಕೊಂಡಿರುವುದಿಲ್ಲ. ಬೀಳುವುದಂತೂ ನಿಜ, ಅವರು ಹೇಳುವಷ್ಟಲ್ಲ.

ವ್ಯಾಸ ಹೆಚ್ಚಾದಂತೆ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಉದ್ದವಾದ ಹಾಗೆ; ಏರಿನಲ್ಲಿ ನಿಧಾನವಾಗಿ ಹತ್ತುವಾಗ ಎಂಜಿನ್ನಿನ ಎಳೆತ ಆ ಮಟ್ಟಿಗೆ ತಗ್ಗುತ್ತದೆ. ಬ್ರೇಕಿಗೂ ಹಾಗೆಯೇ, ಅದೇ ಡಿಸ್ಕು ಈಗ ಉದ್ದವಾದ ಸನ್ನೆಯ ಎದುರು ಕೆಲಸ ಮಾಡಬೇಕು. ಟೈರಿನ ತೂಕವೂ ಏರುತ್ತದೆ. ಮೂರು ಟನ್ನು ದಾಟಿದ ಮನೆಯೊಂದನ್ನು ಇಳಿಜಾರಿನಲ್ಲಿ ನಿಲ್ಲಿಸುವಾಗ ಇವೆಲ್ಲವೂ ಗಮನಕ್ಕೆ ಬರುತ್ತವೆ. 285 ಈ ವ್ಯಾನಿಗೆ ಮೂಗಿಗಿಂತ ಮೂಗುತಿ ಭಾರ ಎಂಬುದು ನನ್ನ ಅಭಿಪ್ರಾಯ.

ಸ್ಟೆಪ್ನಿಯ ಕಥೆಗೆ ಕಾರಣ ಇಷ್ಟೇ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ. ಆಗ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ಸರಾಸರಿ ವೇಗ ಬೇರೆ ಬೇರೆಯಾಗಿ, ನಡುವಿನ ಕಪ್ಲಿಂಗಿನ ಪಾಲಿಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಗುತ್ತದೆ. ತಿರುವಿನಲ್ಲಿ ಕ್ಷಣಕಾಲ ಜಾರಿಕೊಳ್ಳುವುದು ಅದರ ಕೆಲಸ, ಗಂಟೆಗಟ್ಟಲೆ ಜಾರುವುದಲ್ಲ. ಒಂದೇ ಅಳತೆಯ ಟೈರುಗಳಲ್ಲೂ ಎರಡು ತೀರಾ ಸವೆದು ಎರಡು ಹೊಸದಾಗಿದ್ದರೆ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಸ್ಥಾನಪಲ್ಲಟ ಮಾಡುತ್ತ ಸಮನಾಗಿ ಸವೆಸಬೇಕು.

ವಾರಂಟಿಯ ಬಗ್ಗೆ ಒಂದೇ ಮಾತು: ನಿಮ್ಮ ವ್ಯಾನಿಗೆ ತಯಾರಕರು ಒಪ್ಪಿರುವ ಅಳತೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೆಲವು ವ್ಯಾನುಗಳ ಕಂಟ್ರೋಲ್ ಯೂನಿಟ್ಟಿನಲ್ಲಿ ಟೈರಿನ ಸುತ್ತಳತೆಯನ್ನು ತಿದ್ದಲು ಅವಕಾಶವಿರುತ್ತದೆ. ಇದೆಯೇ ಎಂದು ಅದೇ ಪತ್ರದಲ್ಲಿ ಕೇಳಿಬಿಡಿ. ವಿಮೆಯವರಿಗೂ ತಿಳಿಸಿ.

ನಿಧಾನಗಾಮಿ:

ಎಲ್ಲರೂ ಟೈರಿನ ಬಗ್ಗೆ ಬರೆಯುತ್ತಿದ್ದೀರಿ. ಪ್ರಶ್ನೆಯನ್ನು ನಾನು ಎರಡು ಸಲ ಓದಿದೆ. ನೆಲಕ್ಕೆ ತಾಗಿದ್ದು ಬಚ್ಚಲು ನೀರಿನ ನಲ್ಲಿ. ಆಕ್ಸಲಿಗಿಂತ, ಚಾಸಿಗಿಂತ ಕೆಳಗೆ ತೂಗಾಡುವ ಪ್ಲಾಸ್ಟಿಕ್ ನಲ್ಲಿಯೊಂದನ್ನು ಕಾಪಾಡಲು ಇಡೀ ವ್ಯಾನನ್ನು ಎತ್ತರಿಸುವುದು ಯಾವ ನ್ಯಾಯ? ನಲ್ಲಿಯನ್ನು ಪಕ್ಕಕ್ಕೆ ಸರಿಸಿ ಮೇಲಕ್ಕೆ ತಿರುಗಿಸಿ. ಅದರ ಮುಂದೆ ಅಲ್ಯೂಮಿನಿಯಂ ತಗಡಿನ ಒಂದು ಗುರಾಣಿ ಕಟ್ಟಿ.

ಎರಡನೆಯದಾಗಿ, ಗಾಳಿ ಇಳಿಸಿ ನೋಡಿದ್ದೀರಾ? ಡಾಂಬರು ರಸ್ತೆಯ ಒತ್ತಡವನ್ನೇ ಇಟ್ಟುಕೊಂಡು ಕಲ್ಲುದಾರಿಗೆ ಇಳಿದರೆ ಯಾವ ಅಳತೆಯ ಟೈರಾದರೂ ಕಲ್ಲಿನ ಮೇಲೆ ಪುಟಿಯುತ್ತದೆ. ಕಾಲು ಭಾಗದಷ್ಟು ಗಾಳಿ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು ಕಲ್ಲನ್ನು ಅಪ್ಪಿಕೊಳ್ಳುತ್ತದೆ, ಒಳಗಿನ ತಟ್ಟೆ ಲೋಟಗಳ ಸದ್ದೂ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿಸಿದಾಗ ಗಂಟೆಗೆ 40 ಕಿ.ಮೀ. ವೇಗ ದಾಟಬೇಡಿ, ಡಾಂಬರಿಗೆ ಮರಳಿದ ಕೂಡಲೇ ತುಂಬಿಸಿಕೊಳ್ಳಿ; ತೂಕದ ವ್ಯಾನು ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಪಕ್ಕಗೋಡೆ ಕಾದು ಹರಿಯುತ್ತದೆ. ಒಂದು ಒಳ್ಳೆಯ ಕಂಪ್ರೆಸರ್, ಒಂದು ನಂಬಿಕೆಯ ಗೇಜು, ಅದೇ 245ರಲ್ಲಿ ಆಳವಾದ ಕಚ್ಚಿನ ಆಲ್ ಟೆರೇನ್ ಟೈರು. ನಾನು ಇಷ್ಟರಲ್ಲೇ ಆರು ವರ್ಷ ಸುತ್ತಿದ್ದೇನೆ.

ಹೊಸಗಾಲಿ:

ನಿಧಾನಗಾಮಿಯವರ ಮಾತಿಗೆ ಮೊದಲು ಮನಸ್ಸು ಮುದುಡಿತು. ಆಮೇಲೆ ವ್ಯಾನಿನ ಅಡಿಗೆ ಹೋಗಿ ಮಲಗಿ ನೋಡಿದೆ. ಅವರು ಹೇಳಿದ್ದೇ ಸರಿ, ನಲ್ಲಿಯು ಅಡಿಯ ಉಳಿದೆಲ್ಲ ಭಾಗಗಳಿಗಿಂತ ನಾಲ್ಕು ಬೆರಳು ಕೆಳಗಿದೆ. ಅದನ್ನು ಸರಿಸುತ್ತೇನೆ. ಆದರೂ ಹೊಟ್ಟೆಯ ಕೆಳಗೆ ಸ್ವಲ್ಪವಾದರೂ ಹೆಚ್ಚಿನ ಜಾಗ ಬೇಕೆಂಬ ಆಸೆ ಪೂರ್ತಿ ಹೋಗಿಲ್ಲ.

ಅಳತೆಗಳನ್ನು ತೆಗೆದುಕೊಂಡಿದ್ದೇನೆ. ಟ್ಯಾಂಕು ತುಂಬಿಸಿ, ನಾವಿಬ್ಬರೂ ಕುಳಿತು, ವೇಬ್ರಿಡ್ಜಿನಲ್ಲಿ ಒಂದೊಂದೇ ಆಕ್ಸಲನ್ನು ತೂಗಿಸಿದೆವು: ಮುಂದೆ 1,560 ಕೆ.ಜಿ., ಹಿಂದೆ 1,920 ಕೆ.ಜಿ. ಆಮೇಲೆ ಒಂದು ಪಕ್ಕದ ಚಕ್ರಗಳನ್ನು ಮಾತ್ರ ಹತ್ತಿಸಿ ನೋಡಿದಾಗ ಅಚ್ಚರಿಯಾಯಿತು. ಹಿಂದಿನ ಎಡ ಚಕ್ರದ ಮೇಲೆ 1,020, ಬಲದ ಮೇಲೆ 900. ಅಡುಗೆ ಕಟ್ಟೆಯೂ ನೀರಿನ ಟ್ಯಾಂಕೂ ಒಂದೇ ಪಕ್ಕದಲ್ಲಿವೆ, ಅದೇ ಕಾರಣವಿರಬೇಕು. ಹಲಗೆಗಳ ಮೇಲೆ ಹತ್ತಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಎಡ ಟೈರಿನ ಹಿಂದೆ 31 ಮಿ.ಮೀ., ಬಲ ಟೈರಿನ ಹಿಂದೆ 34 ಮಿ.ಮೀ. ಜಾಗ ಉಳಿಯಿತು. ಈ ಜಾಗ ಎತ್ತರಿಸುವ ಕಿಟ್ಟಿನಿಂದ ಹೆಚ್ಚುತ್ತದೆಯೇ?

ಅಚ್ಚುಗಾಲಿ:

ಎತ್ತರಿಸುವ ಕಿಟ್ಟು ವ್ಯಾನಿನ ಮೈಯನ್ನು ಮೇಲಕ್ಕೆತ್ತುತ್ತದೆ, ಚಕ್ರದ ಗೂಡನ್ನು ಹಿಂದಕ್ಕೆ ತಳ್ಳುವುದಿಲ್ಲ. ನೀವು ಅಳೆದಿರುವ ಬಿಗಿ ಜಾಗ ಹಿಂದು ಮುಂದಿನದು, ಮೇಲೆ ಕೆಳಗಿನದಲ್ಲ. ಜೊತೆಗೆ ಎತ್ತರಿಸಿದಾಗ ಮುಂದಿನ ಡ್ರೈವ್ ಶಾಫ್ಟುಗಳ ಕೋನ ಹೆಚ್ಚಿ, ಅವುಗಳ ಕೀಲುಗಳೂ ರಬ್ಬರ್ ತೊಗಲುಗಳೂ ಬೇಗ ಬಳಲುತ್ತವೆ. ಹೊಸ ವ್ಯಾನಿಗೆ ಅದು ಬೇಡ.

ಇಲ್ಲಿಯವರೆಗೆ ಯಾರೂ ಹೆಸರಿಸದ ಒಂದು ಅಳತೆಯಿದೆ: 235/85 ಆರ್16. ಲೆಕ್ಕ ಹಾಕಿದರೆ ವ್ಯಾಸ ಸುಮಾರು 806 ಮಿ.ಮೀ., ಅಂದರೆ 265/75ಕ್ಕಿಂತಲೂ ಕೂದಲೆಳೆ ಹೆಚ್ಚು. ಆದರೆ ಅಗಲ ನಿಮ್ಮ ಈಗಿನ ಟೈರಿಗಿಂತ 10 ಮಿ.ಮೀ. ಕಡಿಮೆ. ಇದಕ್ಕೆ ಒಪ್ಪುವ ರಿಮ್ಮು 6ರಿಂದ 7 ಇಂಚು. ನಿಮ್ಮ ಆರೂವರೆ ಅದರ ನಟ್ಟನಡುವೆ ಬೀಳುತ್ತದೆ. ಹಾಗಾಗಿ ರಿಮ್ಮು, ಆಫ್‌ಸೆಟ್, ಬೋಲ್ಟು ಯಾವುದನ್ನೂ ಮುಟ್ಟಬೇಕಾಗಿಲ್ಲ. ಆಕ್ಸಲಿನ ಕೆಳಗೆ 16 ಮಿ.ಮೀ. ಸಿಗುತ್ತದೆ. ಚಕ್ರ ತಿರುಗಿದಾಗ ಬೀಸುವ ಹೊರ ಅಂಚು ಎರಡು ಪಕ್ಕದಲ್ಲೂ 5 ಮಿ.ಮೀ. ಒಳಗೇ ಇರುವುದರಿಂದ, ನಿಮ್ಮ 31 ಮಿ.ಮೀ.ನಲ್ಲಿ ಅರ್ಧದಷ್ಟಾದರೂ ಉಳಿಯಬೇಕು. ಅಗಲದ ಟೈರಿನಷ್ಟು ದರ್ಪ ಇದಕ್ಕಿಲ್ಲ, ಹಿಂದಿನಿಂದ ನೋಡಿದರೆ ಸ್ವಲ್ಪ ಬಡಕಲಾಗಿಯೇ ಕಾಣುತ್ತದೆ. ಮರಳಿನಲ್ಲಿ ತೇಲುವ ಗುಣದಲ್ಲೂ ಅಗಲದ್ದಕ್ಕೆ ಸ್ವಲ್ಪ ಸೋಲುತ್ತದೆ. ಕಲ್ಲು, ಜಲ್ಲಿ, ಕೆಸರಿನ ಮೇಲ್ಪದರ, ತೆಳುವಾದ ಹಿಮ ಇವುಗಳಲ್ಲಿ ಕೊರೆದುಕೊಂಡು ಹೋಗುವುದು ಕಿರಿದಾದ ಟೈರಿನ ಸ್ವಭಾವ.

ನಿಮ್ಮ ತೂಕದ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ. ಲೋಡ್ ರೇಂಜ್ ಇ ವರ್ಗದ 235/85 ಆರ್16 ಟೈರಿನ ಮೇಲೆ ಸಾಮಾನ್ಯವಾಗಿ 120/116 ಎಂಬ ಭಾರಸೂಚಿ (ಟೈರು ಹೊರಬಲ್ಲ ತೂಕದ ಸಂಕೇತ) ಇರುತ್ತದೆ, ನಿಮ್ಮ ಈಗಿನದರಷ್ಟೇ. ಸೂಚಿಗಿಂತ ಪಕ್ಕಗೋಡೆಯ ಮೇಲೆ ಕೆ.ಜಿ.ಯಲ್ಲಿ ಅಚ್ಚಾಗಿರುವ ಸಂಖ್ಯೆಯೇ ಅಂತಿಮ. 80 ಪಿಎಸ್‌ಐ ಗಾಳಿಯಲ್ಲಿ ಅದು 1,380 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ನಿಮ್ಮ ಅತಿ ಹೊರೆಯ ಚಕ್ರ 1,020. ಆದ್ದರಿಂದ ಸದಾ 80ರಲ್ಲೇ ಓಡಿಸಬೇಕಾಗಿಲ್ಲ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡ ಮೂಲ ಟೈರಿಗೆ ಬರೆದದ್ದು. ಹೊಸ ಟೈರಿನ ತಯಾರಕರು ಕೊಡುವ ಭಾರ ಮತ್ತು ಒತ್ತಡದ ಕೋಷ್ಟಕದಲ್ಲಿ 1,020ಕ್ಕಿಂತ ಹೆಚ್ಚು ಭಾರದ ಸಾಲನ್ನು ಹುಡುಕಿ, ಅಲ್ಲಿನ ಒತ್ತಡಕ್ಕೆ ಸ್ವಲ್ಪ ಸೇರಿಸಿ, ಹಿಂದಿನ ಎರಡು ಚಕ್ರಗಳಿಗೂ ಒಂದೇ ಒತ್ತಡ ಇಡಿ. ಹಗುರವಾದ ಬಲಗಡೆಗೆ ಬೇರೆ ಲೆಕ್ಕ ಬೇಡ. ಬ್ಯಾಟರಿಗಳನ್ನು ಬಲಕ್ಕೆ ಸರಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಉಳಿದಿರುವುದು ಸ್ಟೆಪ್ನಿ. ದಪ್ಪ ರಟ್ಟಿನಲ್ಲಿ 806 ಮಿ.ಮೀ. ವ್ಯಾಸದ ಬಿಲ್ಲೆಯನ್ನು ಕತ್ತರಿಸಿ ತೊಟ್ಟಿಲಿನಲ್ಲಿ ಇಟ್ಟು ನೋಡಿ. ಟೈರು ಬರುವ ಮೊದಲೇ ಸತ್ಯ ತಿಳಿಯುತ್ತದೆ.

ದಾರಿಹೋಕ:

ಈ ಅಳತೆ ನನಗೆ ಒಂದೂವರೆ ವರ್ಷದ ಹಿಂದೆ ಗೊತ್ತಿದ್ದರೆ ಒಂದು ಹೊದಿಕೆ, ಒಂದು ಕಪ್ಲಿಂಗ್ ಉಳಿಯುತ್ತಿದ್ದವು. ಹಾಕಿಸಿದ ಮೇಲೆ 80 ಅಥವಾ 100 ಕಿ.ಮೀ. ಓಡಿಸಿ ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡುವುದನ್ನು ಮರೆಯಬೇಡಿ. ಟೈರಿನ ಮೇಲಿನ ನಾಲ್ಕಂಕಿಯ ದಿನಾಂಕವನ್ನೂ ಓದಿ. ಮೊದಲ ಎರಡು ಅಂಕಿ ತಯಾರಾದ ವಾರವನ್ನು, ಕೊನೆಯ ಎರಡು ಅಂಕಿ ವರ್ಷವನ್ನು ಹೇಳುತ್ತವೆ. ಐದರಲ್ಲಿ ಒಂದು ಹಳೆಯದನ್ನು ತಳ್ಳಿಬಿಡುವವರಿದ್ದಾರೆ.

ಹೊಸಗಾಲಿ:

ಫ್ರಿಜ್ಜಿನ ಪೆಟ್ಟಿಗೆಯ ರಟ್ಟಿನಿಂದ ಬಿಲ್ಲೆ ಕತ್ತರಿಸಿದೆ. ತೊಟ್ಟಿಲಿನ ಮೂರು ಕಡೆ ಸಲೀಸಾಗಿ ಹೋಯಿತು, ಹಿಂದಿನ ಅಡ್ಡಪಟ್ಟಿಯ ಬಳಿ ಒಂದು ಬೆರಳಿನಷ್ಟು ಮಡಚಿಕೊಂಡಿತು. ಪಟ್ಟಿಗೆ ಬೋಲ್ಟಿನಿಂದ ಕಟ್ಟಿರುವ ಒಂದು ಕೊಕ್ಕೆಯೇ ಅಡ್ಡ. ಹಿಂದೆ ಕಟ್ಟಿ ಎಳೆದೊಯ್ಯುವ ಗಾಡಿ ನನ್ನಲ್ಲಿಲ್ಲದ ಕಾರಣ ಆ ಕೊಕ್ಕೆ ನನಗೆ ಬೇಕಾಗಿಲ್ಲ, ತೆಗೆದರೆ ಜಾಗ ಸಾಲುತ್ತದೆ. ಒಪ್ಪಿಗೆಯ ಅಳತೆಗಳ ಪಟ್ಟಿಗಾಗಿ ತಯಾರಕರಿಗೆ ಬರೆದಿದ್ದೇನೆ. ಉತ್ತರದಲ್ಲಿ 235/85 ಇದ್ದರೆ ಐದು ಟೈರುಗಳನ್ನು ತರಿಸುತ್ತೇನೆ, ಇಲ್ಲದಿದ್ದರೆ ವಾರಂಟಿ ಮುಗಿಯುವವರೆಗೆ 245ರಲ್ಲೇ ಆಲ್ ಟೆರೇನ್ ಹಾಕಿಸಿಕೊಂಡು ಗಾಳಿ ಇಳಿಸುವುದನ್ನು ಕಲಿಯುತ್ತೇನೆ. ನಲ್ಲಿಯನ್ನು ಮಾತ್ರ ನಿನ್ನೆ ಸಂಜೆಯೇ ಪಕ್ಕಕ್ಕೆ ಸರಿಸಿಯಾಯಿತು.